ವೈವಾ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಸೋಮವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಗೈಡ್ ಮೇಡಂ, ಕಮಿಟಿಯವರು, ಲ್ಯಾಬಿನ ಜೂನಿಯರ್‌ಗಳು, ಊರಿಂದ ಚಕ್ಕುಲಿ ಕಳಿಸುತ್ತಲೇ ಇದ್ದ ಅತ್ತೆ, ಎಲ್ಲರಿಗೂ ಥ್ಯಾಂಕ್ಸ್.

ಇನ್ನು ನಮ್ಮ ಅಟೆಂಡರ್ ಅಣ್ಣನ ವಿಷಯ.

ಆ ಮಳೆ ರಾತ್ರಿ ಕರೆಂಟ್ ಹೋಯಿತು, ಜನರೇಟರ್ ಕೂಡ ಕೈಕೊಟ್ಟಿತು. ಕೋಲ್ಡ್ ರೂಮಿನಲ್ಲಿ ನನ್ನ ಯುರೋಮೋಡ್ಯುಲಿನ್ ಇತ್ತು, ಮೂತ್ರದಲ್ಲಿರುವ ಒಂದು ಪ್ರೋಟೀನ್. ಮೂತ್ರಕ್ಕೆ ಲೆಕ್ಕ ಹಾಕಿ ಉಪ್ಪು ಬೆರೆಸಿ ತಣ್ಣಗಿಟ್ಟರೆ ಬೆಳ್ಳಗೆ, ಲೋಳೆಲೋಳೆಯಾಗಿ ಬೇರೆಯಾಗುತ್ತದಲ್ಲ, ಅದೇ. 1950ರಲ್ಲಿ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಅನ್ನುವ ವಿಜ್ಞಾನಿಗಳು ಇದನ್ನು ಬೇರೆ ಮಾಡಿದ್ದೂ ಹೀಗೇ. ಅಪ್ಪ ಹೋಗಿ ಆಗಿನ್ನೂ ತಿಂಗಳಾಗಿರಲಿಲ್ಲ. ಇದೂ ಹೋಯಿತು ಅಂತ ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟೆ.

ಅಣ್ಣ ಏನೂ ಹೇಳದೆ ಸ್ಕೂಟರ್ ಹತ್ತಿ ಹೋದರು. ಮೀನಿನ ಅಂಗಡಿಯವರನ್ನು ಎಬ್ಬಿಸಿ, ಗೋಣಿಚೀಲದಲ್ಲಿ ಐಸ್ ಗಡ್ಡೆ ಕಟ್ಟಿಕೊಂಡು ಬಂದರು. ಸುತ್ತಿಗೆಯಲ್ಲಿ ಕುಟ್ಟಿ ಥರ್ಮೋಕೋಲ್ ಡಬ್ಬಿಗೆ ತುಂಬಿ ಫ್ಲಾಸ್ಕ್‌ಗಳನ್ನು ಹುಗಿದರು. ಲ್ಯಾಬೆಲ್ಲ ಮೀನಿನ ವಾಸನೆ!

"ಮೂತ್ರಕ್ಕೂ ಇಷ್ಟೊಂದು ಮರ್ಯಾದೆನಾ ಮೇಡಂ?" ಅಂದರು.

ಹೇಳಿದೆ. ಆರೋಗ್ಯವಂತರ ಮೂತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್ ಇದು, ಕಿಡ್ನಿಯೇ ತಯಾರಿಸುತ್ತದೆ. ಮೂತ್ರದ ಸೋಂಕು ತರುವ ಇ. ಕೋಲೈ ಬ್ಯಾಕ್ಟೀರಿಯಾದ ಮೈಮೇಲೆ ಸಣ್ಣ ಕೂದಲುಗಳಿವೆ. ಅದರಲ್ಲಿ ಒಂದು ಬಗೆಯ ಕೂದಲಿನ ತುದಿ ಜೀವಕೋಶದ ಮೇಲಿನ ಮ್ಯಾನೋಸ್ ಸಕ್ಕರೆಗೆ ಅಂಟುತ್ತದೆ. ಅದೇ ಸಕ್ಕರೆ ಈ ಪ್ರೋಟೀನಿನಲ್ಲೂ ಇದೆ. ಬ್ಯಾಕ್ಟೀರಿಯಾ ಇದಕ್ಕೇ ಅಂಟಿಕೊಂಡು ಮೂತ್ರದ ಜೊತೆ ಹೊರಗೆ ಹೋಗುತ್ತದೆ.

"ಓ, ಬಾಗಿಲಿಗೆ ಬರೋಕೆ ಮುಂಚೆ ದಾರೀಲೇ ಪ್ರಸಾದ ಕೊಟ್ಟು ಕಳಿಸೋದು. ಎಲ್ಲವೂ ಪ್ರಸಾದಕ್ಕೆ ನಿಲ್ತಾವಾ?"

ನಿಲ್ಲುವುದಿಲ್ಲ. ಕಿಡ್ನಿವರೆಗೂ ಹತ್ತುವ ಎಷ್ಟೋ ಇ. ಕೋಲೈಗೆ ಪಿ ಫಿಂಬ್ರಿಯೆ ಅನ್ನುವ ಬೇರೆ ಬಗೆಯ ಕೂದಲಿರುತ್ತದೆ. ಅವು ಹುಡುಕುವ ಸಕ್ಕರೆಯೇ ಬೇರೆ, ಅದು ಕಿಡ್ನಿ ಕೋಶದ ಮೇಲೇ ಇದೆ. ಸೋಮವಾರ ಹೊರಗಿನಿಂದ ಬಂದ ಪರೀಕ್ಷಕರೂ ಇದನ್ನೇ ಕೇಳಿದರು. ಪ್ರಸಾದ ಅನ್ನುವ ಮಾತು ಬಾಯಿ ತುದಿಗೆ ಬಂದಿತ್ತು!

ಮನೆಗೆ ಹೋಗಿ ಅಂದರೂ ಅಣ್ಣ ಬೆಳಗಿನವರೆಗೆ ಕದಲಲಿಲ್ಲ. ಅಪ್ಪನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ಏನೋ, ಎಲ್ಲ ಹೇಳಿಕೊಂಡೆ. ಆಮೇಲೆ ಅವರು ಐಸ್ ಬದಲಾಯಿಸಲು ಎದ್ದರು.

ಥೀಸಿಸ್‌ನ ಕೃತಜ್ಞತೆ ಪುಟದಲ್ಲಿ ಅವರ ಹೆಸರೇ ಮೊದಲು. ಒಂದಿಬ್ಬರು ಹುಬ್ಬೇರಿಸಿದರು. ಏರಿಸಲಿ ಬಿಡಿ.

ಹಗಲು ರಾತ್ರಿ ಕ್ಯಾನ್ ಹಿಡಿದು ಓಡಾಡಿ ಸ್ಯಾಂಪಲ್ ಕೊಟ್ಟ ಹಾಸ್ಟೆಲ್ ಗೆಳತಿಯರೇ, ಭಾನುವಾರ ಮಲ್ಲೇಶ್ವರದಲ್ಲಿ ದೋಸೆ ನನ್ನ ಲೆಕ್ಕ. ಕ್ಯಾನ್ ತರುವುದು ಬೇಡ.