ಮುತ್ತಜ್ಜಿ ಕೇಳಿದ್ದು ಕೊಟ್ಟಿಗೆಯನ್ನಲ್ಲ

ಪುಟ್ಟಿ,

ಓಸ್ಲೋ ತಲುಪಿದೆ ಅನ್ನುವ ಮೆಸೇಜ್ ಅಪ್ಪನ ಫೋನಿಗೆ ಬಂತು. ನನ್ನದಕ್ಕೆ ಬರಲಿಲ್ಲ. ನಾನೂ ವಿಮಾನ ನಿಲ್ದಾಣದಲ್ಲಿ ಬಾಯಿ ಬಿಡಲಿಲ್ಲವಲ್ಲ. ನಿನ್ನ ಬ್ಯಾಗಿನ ಜಿಪ್ ಸರಿಮಾಡುತ್ತಾ ನಿಂತಿದ್ದೆ. ಅದು ಸರಿಯಾಗಿಯೇ ಇತ್ತು.

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು. ಒತ್ತಕ್ಷರ ತೊಡಕಾದರೆ ಜೋರಾಗಿ ಓದಿಕೋ, ಕಣ್ಣಿಗಿಂತ ಮುಂಚೆ ನಿನ್ನ ಕಿವಿಗೆ ಗೊತ್ತಾಗುತ್ತೆ.

ಅಡುಗೆಮನೆಯಲ್ಲಿ ಆ ರಾತ್ರಿ ಆಡಿದ್ದನ್ನೆಲ್ಲ ಮತ್ತೆ ಬರೆಯೋದಿಲ್ಲ. ಒಂದು ಮಾತನ್ನು ಮಾತ್ರ ವಾಪಸ್ ತಗೊಳ್ಳಬೇಕು. 'ನಾರ್ವೇಜಿಯನ್ ಕಲಿತು ಯಾರ ಜೊತೆ ಮಾತಾಡ್ತೀಯ? ಅಪ್ಪನ ಕಡೆ ಅದು ಬರುತ್ತಿದ್ದವರೆಲ್ಲ ಚರ್ಚಿನ ಹಿಂದೆ ಮಣ್ಣಲ್ಲಿದ್ದಾರೆ' ಅಂದೆನಲ್ಲ, ಅದು. ಭಾನುವಾರ ಬೆಳಿಗ್ಗೆ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗುವಾಗ ಹಿಂದಿನ ಸೀಟಲ್ಲಿ ಅಳುತ್ತಾ ನೀನು ಕೇಳುತ್ತಿದ್ದದ್ದೂ ಇದೇ ಪ್ರಶ್ನೆ. ಯಾರ ಜೊತೆ ಮಾತಾಡಲಿ ಅಂತ. ನನ್ನ ಜೊತೆ ಅನ್ನುತ್ತಿದ್ದೆ. ಆ ಉತ್ತರ ಹೇಳುವ ಹಾಗಿದ್ದೆ, ನಾನು ಬದುಕಿದ್ದೆ. ಬೆಸ್ತೆಮೂರ್‌ಗೆ, ನಿನ್ನ ಮುತ್ತಜ್ಜಿಗೆ, ಹಾಗೆ ಹೇಳಲು ಆಗೋದಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ನೀನು ಎದುರು ಮಾತಾಡಲಿಲ್ಲ. ನನ್ನ ಹಳೆಯ ನೀಲಿ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟೆ. ಬಾಡ್ನೆ ಅಂದರೆ ಏನು ಅಂತ ಒಂದೇ ವಾಕ್ಯದಲ್ಲಿ ಹೇಳಿ ಮೇಲೆ ಹೋಗಿ ಮಲಗಿದೆ. ನಾನು ಮಲಗಲಿಲ್ಲ ಪುಟ್ಟಿ.

ಆ ಹನ್ನೊಂದು ದಿನ ನಿನಗೆ ಜಾಸ್ತಿ ನೆನಪಿರಲಿಕ್ಕಿಲ್ಲ. 2011ರ ಮಾರ್ಚ್, ನಿನಗೆ ಆರು ವರ್ಷ. ಸ್ಟ್ರೋಕ್ ಆದ ಮೇಲೆ ಬೆಸ್ತೆಮೂರ್‌ಗೆ ಇಂಗ್ಲಿಷ್ ಹೋಗಿಬಿಟ್ಟಿತ್ತು. ಎಂಬತ್ತು ವರ್ಷಕ್ಕೂ ಮೇಲೆ ಆಡಿದ ಭಾಷೆ, ಒಂದೇ ರಾತ್ರಿಯಲ್ಲಿ. ಉಳಿದದ್ದು ಅವರಮ್ಮನ ಮಾತು ಮಾತ್ರ. ಅಪ್ಪ, ಬೆಸ್ತೆಮೂರ್‌ನ ಮಗಳು ಗ್ರ್ಯಾಂಡ್‌ಮಾ, ಇಬ್ಬರಿಗೂ ಕೆಲಸ. ಹಗಲೆಲ್ಲ ಹಾಸಿಗೆ ಪಕ್ಕ ಕೂರುತ್ತಿದ್ದವಳು ನಾನು, ತೀರ್ಥಹಳ್ಳಿಯಿಂದ ಬಂದ ಸೊಸೆ. ಆ ಇಡೀ ಕಟ್ಟಡದಲ್ಲಿ ಅವರ ಮಾತು ತಿಳಿಯುವವರು ಒಬ್ಬರೂ ಇರಲಿಲ್ಲ. ಅದೂ ಮಿನ್ನೆಸೋಟದ ಗುಡ್‌ಹ್ಯೂ ಕೌಂಟಿಯಲ್ಲಿ. ಅಂಚೆ ಡಬ್ಬಿಗಳ ಮೇಲೆ ಇವತ್ತಿಗೂ ಅರ್ಧ ಹೆಸರು ನಾರ್ವೆಯವೇ ಇರುವ ಊರುಗಳು ಅವು.

ನಾನು ಬಾಗಿಲು ದಾಟಿದ ತಕ್ಷಣ ಅವರು ನನ್ನ ಕಡೆ ನೋಡಿ 'ಕೂರೇ' ಅನ್ನುತ್ತಿದ್ದರು. ನನ್ನ ಕಿವಿಗೆ ಹಾಗೇ ಕೇಳಿಸುತ್ತಿತ್ತು. ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ಅಮ್ಮ ಅನ್ನುತ್ತಾರಲ್ಲ, ಬಾರೇ, ಕೂರೇ, ಥೇಟ್ ಹಾಗೆ. ನಾನು ಕೂರುತ್ತಿದ್ದೆ. ಅವರು ಮತ್ತೆ ಅದನ್ನೇ ಹೇಳುತ್ತಿದ್ದರು. ಕೂರೇ, ಆಮೇಲೆ ಇನ್ನೊಂದು ಪದ. ಕೂತಿದ್ದೀನಲ್ಲ ಅಜ್ಜಿ ಅಂತ ಕನ್ನಡದಲ್ಲೇ ಅಂದುಬಿಡುತ್ತಿದ್ದೆ. ಎರಡನೇ ದಿನದಿಂದ ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ಇಂಗ್ಲಿಷ್ ಅಕ್ಷರಕ್ಕೆ ಆ ಸದ್ದು ಸಿಗಲಿಲ್ಲ. ಕನ್ನಡದಲ್ಲಿ ಬರೆದೆ. 'ಕೂರ್ ಎ ಬಾಡ್ನೆ.' ಅವರು ಹೇಳಿದಷ್ಟು ಸಲವೂ ಪಕ್ಕದಲ್ಲಿ ಒಂದು ಗೀಟು. ಗೀಟುಗಳೇ ಎರಡು ಪುಟ ಇವೆ, ನೀನು ನೋಡಿದ್ದೀಯ.

ಸಂಜೆ ಗ್ರ್ಯಾಂಡ್‌ಮಾ ಬಂದಾಗ ಓದಿ ಹೇಳಿದೆ. ಬಾರ್ನ್ ಇರಬೇಕು ಅಂದರು. ಹಸುಗಳ ಕೊಟ್ಟಿಗೆ. ಹೊಲದಲ್ಲೇ ಹುಟ್ಟಿ ಹೊಲದಲ್ಲೇ ಮುದುಕಿಯಾದವರಿಗೆ ಕೊಟ್ಟಿಗೆಯ ಚಿಂತೆ ಇರೋದು ಸಹಜ, ಅಲ್ವಾ? ನನಗೂ ಸರಿ ಅನ್ನಿಸಿತು. ಆ ಕೊಟ್ಟಿಗೆ 1987ರಲ್ಲಿ ಹೊಲದ ಜೊತೆಗೇ ಮಾರಾಟವಾಗಿತ್ತು. ಅದನ್ನು ಹೇಳಲು ಗ್ರ್ಯಾಂಡ್‌ಮಾಗೆ ಮನಸ್ಸು ಬರಲಿಲ್ಲ. 'ಕೊಟ್ಟಿಗೆ ಚೆನ್ನಾಗಿದೆ ಅಮ್ಮಾ, ಬಾಗಿಲು ಹಾಕಿದೆ' ಅಂದರು. ಮಾರನೇ ದಿನದಿಂದ ನಾನೂ ಅದನ್ನೇ ಹೇಳಿದೆ. ಬಾಗಿಲು ಹಾಕಿದೆ, ಬಾಗಿಲು ಹಾಕಿದೆ. ಅವರು ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು. ಸಮಾಧಾನವಾಯಿತು ಅಂದುಕೊಳ್ಳುತ್ತಿದ್ದೆವು.

ಹದಿನಾಲ್ಕು ವರ್ಷ ಆದ ಮೇಲೆ ನೀನು ಹೇಳುತ್ತೀಯ, ನಾರ್ವೇಜಿಯನ್‌ನಲ್ಲಿ ಬಾರ್ನ್ ಅಂದರೆ ಮಗು. ಬೆಸ್ತೆಮೂರ್ ಮನೆತನದ ಊರು ಔರ್ಲಾಂಡಿನ ಕಡೆ, ನಾರ್ವೆಯ ಸೋಗ್ನ್ ಸೀಮೆಯಲ್ಲಿ, ಅದನ್ನೇ ಬಾಡ್ನ್ ಅನ್ನುತ್ತಾರೆ. ಕೂರ್ ಅಂದರೆ ಎಲ್ಲಿ.

ಮಗು ಎಲ್ಲಿ ಅಂತ ಕೇಳಿದವರಿಗೆ ನಾವು ಬಾಗಿಲು ಹಾಕಿದೆ ಅಂದೆವು.

ಯಾವ ಮಗು ಅಂತ ನಿನ್ನನ್ನು ಅವತ್ತೇ ಕೇಳಬೇಕಿತ್ತು. ನಿನಗಾದರೂ ಹೇಗೆ ಗೊತ್ತಾಗಬೇಕು. ಅಪ್ಪ ಹೇಳೋದು, ಅದು ಅವರು ಕಳೆದುಕೊಂಡ ಮೊದಲ ಗಂಡು ಕೂಸು ಇರಬೇಕು ಅಂತ. ಚರ್ಚಿನ ಹಿಂದೆ ಸಣ್ಣ ಕಲ್ಲಿದೆಯಲ್ಲ, ಅದು. ಇರಬಹುದು. ಆದರೆ ನನ್ನ ತಲೆಯಲ್ಲಿ ಬೇರೇನೋ ಕೂತುಬಿಟ್ಟಿದೆ. ಆ ಹನ್ನೊಂದು ದಿನದಲ್ಲಿ ನಾಲ್ಕು ದಿನ ನೀನು ಹೊರಗಿನ ಬೆಂಚಿನ ಮೇಲೆ ಬಣ್ಣ ಹಚ್ಚುತ್ತಾ ಕೂತಿದ್ದೆ. ಒಳಗೆ ಬಿಡಬೇಡಿ ಅಂತ ನರ್ಸಿಗೆ ನಾನೇ ಹೇಳಿದ್ದೆ. ಅವರ ಬಾಯಿ ಒಂದು ಕಡೆ ವಾಲಿತ್ತು, ಮೂಗಲ್ಲಿ ನಳಿಕೆ. ನೀನು ಹೆದರುತ್ತೀಯ ಅಂದುಕೊಂಡೆ. ನಿನ್ನ ದನಿ ಮಾತ್ರ ಒಳಗೆ ಬರುತ್ತಿತ್ತು. ನೀನು ನಕ್ಕರೆ ಅವರು ತಲೆ ಎತ್ತಲು ನೋಡುತ್ತಿದ್ದರು. ಹೌದು, ನೋಡುತ್ತಿದ್ದರು. ಇಲ್ಲ, ಇದು ನಾನು ಈಗ ಸೇರಿಸಿಕೊಳ್ಳುತ್ತಿರುವುದಾ? ನೋಟ್‌ಬುಕ್ಕಿನಲ್ಲಿ ಅದು ಇಲ್ಲ. ಗೀಟುಗಳ ಪಕ್ಕ ದಿನ ಬರೆದಿದ್ದೇನೆ. ನೀನು ಬಂದ ದಿನಗಳಲ್ಲಿ ಗೀಟು ಜಾಸ್ತಿ ಇವೆಯಾ ಅಂತ ನಿನ್ನೆ ರಾತ್ರಿ ಎಣಿಸಿದೆ. ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ. ಅದರಿಂದ ಏನೂ ತಿಳಿಯಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಎಣಿಸಿದೆ.

ಎರಡು ಹೆಜ್ಜೆ ದೂರದ ಬಾಗಿಲು ಅದು. ತೆಗೆಯಲು ಒಂದು ಪದ ಸಾಕಿತ್ತು.

ಗ್ರ್ಯಾಂಡ್‌ಮಾಗೆ ಇದನ್ನು ಹೇಳಬೇಡ. ಅಮ್ಮನ ಮಾತು ತನಗೆ ಬರಲಿಲ್ಲ ಅನ್ನುವ ನೋವು ಅವರಿಗೆ ಮೊದಲೇ ಇದೆ. ಮನೆಯಲ್ಲಿ ನಾರ್ವೇಜಿಯನ್ ಬರುತ್ತಿದ್ದದ್ದು ಕ್ರಿಸ್‌ಮಸ್ ಹೊತ್ತಲ್ಲಂತೆ. ಮಕ್ಕಳಿಗೆ ತಂದ ಉಡುಗೊರೆ ಎಲ್ಲಿ ಬಚ್ಚಿಟ್ಟಿದ್ದೀವಿ ಅಂತ ಅಪ್ಪ ಅಮ್ಮ ಗುಟ್ಟಾಗಿ ಮಾತಾಡಿಕೊಳ್ಳಲು. ಮಕ್ಕಳಿಗೆ ಸಿಕ್ಕಿದ್ದು ಊಟದ ಪ್ರಾರ್ಥನೆ ಮಾತ್ರ. 'ಇ ಯೇಸು ನಾವ್ನ್ ಗೋರ್ ವಿ ತಿಲ್ ಬೂರ್ಸ್.' ಅಪ್ಪನೂ ಅದನ್ನು ಒಂದು ಅಕ್ಷರ ತಪ್ಪದೆ ಹೇಳುತ್ತಾರೆ, ಅರ್ಥ ಗೊತ್ತಿಲ್ಲ. ನಮ್ಮನೆಯಲ್ಲಿ ಮಂತ್ರ ಹೇಳಿದ ಹಾಗೇ. ಏಳನೇ ದಿನ ಗ್ರ್ಯಾಂಡ್‌ಮಾ ಹಾಸಿಗೆ ಪಕ್ಕ ನಿಂತು ಅದನ್ನು ಶುರು ಮಾಡಿದರು. ಬೆಸ್ತೆಮೂರ್ ವಾಲಿದ ಬಾಯಲ್ಲೇ ಕೊನೆಯವರೆಗೂ ಹೇಳಿದರು. ಇಬ್ಬರೂ ಅತ್ತರು. ತಾಯಿ ಮಗಳ ನಡುವೆ ಆ ಭಾಷೆಯಲ್ಲಿ ನಡೆದದ್ದು ಅಷ್ಟೇ.

ಬೆಸ್ತೆಮೂರ್‌ನ ತಪ್ಪು ಅನ್ನಲಾರೆ. ಅವರು ಹುಟ್ಟಿದ್ದು 1921ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, ಯುದ್ಧದ ಕಾಲದಲ್ಲಿ, ಪಕ್ಕದ ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದ್ದ ಅಂತ ನೀನೇ ಹೇಳಿದ್ದೆ. ಶಾಲೆ, ರೈಲು, ಫೋನು, ಚರ್ಚು, ಎಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು. ಆದರೂ ಭಾಷೆ ಆ ಏಟಿಗೆ ಸಾಯಲಿಲ್ಲ ನೋಡು. ಅದೇ ಅಯೋವಾದ ಡೆಕೋರಾದಲ್ಲಿ 1874ರಲ್ಲಿ ಶುರುವಾದ 'ಡೆಕೋರಾ ಪೋಸ್ಟೆನ್' ಪತ್ರಿಕೆ ನಾರ್ವೇಜಿಯನ್‌ನಲ್ಲೇ 1972ರವರೆಗೆ ಬಂತು. ಬೆಸ್ತೆಮೂರ್ ಮನೆಗೂ ಬರುತ್ತಿತ್ತು. ಆದರೆ ಅವರು ಇಂಗ್ಲಿಷ್ ಒಂದು ಪದವೂ ಬಾರದೆ ಶಾಲೆಗೆ ಹೋದ ಮೊದಲ ವಾರ, ಶೌಚಕ್ಕೆ ಹೋಗಬೇಕು ಅಂತ ಕೇಳಲು ತಿಳಿಯದೆ ಬೆಂಚಿನ ಮೇಲೇ ಒದ್ದೆ ಮಾಡಿಕೊಂಡಿದ್ದರು. ಎಲ್ಲರೂ ನಕ್ಕರಂತೆ. ಮದುವೆಯಾದ ಹೊಸದರಲ್ಲಿ ನನಗೆ ಇದನ್ನು ಲೆಫ್ಸೆ ಲಟ್ಟಿಸುತ್ತಾ ಹೇಳಿದರು. ನನ್ನ ಮಕ್ಕಳಿಗೆ ಹಾಗಾಗಬಾರದು ಅಂದುಕೊಂಡೆ ಅಂದರು. ಕೈ ನಿಲ್ಲಿಸಲೇ ಇಲ್ಲ. ನಮ್ಮ ಅಕ್ಕಿರೊಟ್ಟಿಗಿಂತ ತೆಳ್ಳಗೆ ಬರುತ್ತಿತ್ತು ಅವರ ಲೆಫ್ಸೆ.

ನೀನು ಕಿಂಡರ್‌ಗಾರ್ಟನ್‌ಗೆ ಹೊರಟಾಗ ಟೀಚರ್ ನನಗೂ ಹೇಳಿದ್ದರು, ಮನೆಯಲ್ಲಿ ಇಂಗ್ಲಿಷ್ ಆಡಿ, ಮಗುವಿಗೆ ಸುಲಭ ಅಂತ. ಒಂದು ತಿಂಗಳು ಹಾಗೇ ಮಾಡಿದೆ. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ. ಆಮೇಲೆ ಯಾಕೆ ಬಿಟ್ಟೆ ಗೊತ್ತಾ? ಬೆಸ್ತೆಮೂರ್ ಬೈದರು. ನೀನು ಅವರ ಮುಂದೆ ನನ್ನ ಹತ್ತಿರ ಇಂಗ್ಲಿಷಲ್ಲಿ ನೀರು ಕೇಳಿದೆ. ಅವರು ನನ್ನ ಮುಖ ನೋಡಿ, ನೀನೂ ಶುರು ಮಾಡಿದೆಯಾ ಅಂದರು. ಅಷ್ಟೇ. ನಿನಗೆ ಕನ್ನಡ ಉಳಿದಿದ್ದರೆ ಅದರಲ್ಲಿ ಅವರ ಪಾಲಿದೆ. ಹಾಗಿದ್ದೂ ನಾನು ಆ ಮಾತು ಅಂದೆ.

ಈಗ ನನ್ನ ಭಯ ಹೇಳುತ್ತೇನೆ. ಮುಂದೊಂದು ದಿನ ನಾನೂ ಅಂಥದೇ ಒಂದು ಹಾಸಿಗೆಯಲ್ಲಿ ಇರಬಹುದು. ಇಂಗ್ಲಿಷ್ ಹೋಗಿರುತ್ತೆ. ಹಾಲು ಒಲೆ ಮೇಲಿಟ್ಟಿದ್ದೀನಿ, ಉಕ್ಕತ್ತೆ, ಉಕ್ಕತ್ತೆ ಅಂತ ಕೂಗುತ್ತಿರುತ್ತೇನೆ. ನರ್ಸ್ ಬಂದು ಕಿಟಕಿ ಹಾಕುತ್ತಾಳೆ. ನೀನು ಬರುವ ಹೊತ್ತಿಗೆ ಬಂದರೆ ಸರಿ. ನಿನ್ನ ಮಗಳು ಮಾತ್ರ ಬಂದರೆ? ಅವಳಿಗೆ ಹಾಲು ಅನ್ನುವ ಪದ ಗೊತ್ತಿರುತ್ತಾ? ಬೇಳೆ ಬೇಯಿಸುವಾಗ, ಕಾರು ಓಡಿಸುವಾಗ ಇದೇ ಯೋಚನೆ. ಮದುವೆ ಮಕ್ಕಳು ಅಂತ ನಿನ್ನ ತಲೆ ತಿನ್ನುತ್ತಿಲ್ಲ, ಹಾಗೆ ತಿಳಿಯಬೇಡ. ಆದರೆ ಈ ಭಯವೇ ಅವತ್ತು ಸಿಟ್ಟಾಗಿ ಬಂತು. ತೀರ್ಥಹಳ್ಳಿಗೆ ಹೋಗಬೇಕಿದ್ದ ಆರು ವಾರ ಓಸ್ಲೋಗೆ ಹೋಯಿತಲ್ಲ ಅಂತ. ನಿನ್ನ ಹೊಟ್ಟೆಯಲ್ಲಿ ಎರಡು ಭಾಷೆಗೆ ಜಾಗ ಇಲ್ಲ ಅಂತ ಯಾರು ಹೇಳಿದರು ನನಗೆ? ನಾನೇ ಹೇಳಿಕೊಂಡೆ.

ನೀನು ಹೋದ ಭಾನುವಾರ ಅಪ್ಪ, ನಾನು ಮಿನ್ನೆಯಾಪೊಲಿಸ್‌ನ ಮಿಂಡೆಕಿರ್ಕೆನ್ ಚರ್ಚಿಗೆ ಹೋಗಿದ್ದೆವು. ಅಲ್ಲಿ ಈಗಲೂ ನಾರ್ವೇಜಿಯನ್‌ನಲ್ಲೇ ಪ್ರಾರ್ಥನೆ ನಡೆಯುತ್ತೆ. ನನಗೆ ಒಂದೂ ಅರ್ಥವಾಗಲಿಲ್ಲ. ಬಾರ್ನ್ ಅನ್ನುವ ಪದಕ್ಕೆ ಕಾಯುತ್ತಾ ಕೂತೆ. ಎರಡು ಸಲ ಬಂತು. ಎರಡನೇ ಸಲ ಅಪ್ಪನೂ ನನ್ನ ಕಡೆ ತಿರುಗಿದರು.

ಇನ್ನು ನಾಲ್ಕು ಮಾತು ಹೇಳುತ್ತೇನೆ, ಬೇಜಾರಾಗಬೇಡ. ರಾತ್ರಿ ಹತ್ತೂವರೆಗೂ ಬೆಳಕಿರುತ್ತೆ ಅಂತ ಹೊರಗೇ ಇರಬೇಡ, ಊಟ ಬಿಡಬೇಡ. ತಪ್ಪಾದರೂ ಬಾಯಿ ಬಿಟ್ಟು ಮಾತಾಡು. ಅವರು ಇಂಗ್ಲಿಷ್‌ಗೆ ತಿರುಗಿದರೆ ನೀನು ತಿರುಗಬೇಡ. ಅಲ್ಲಿ ಕ್ಲಾಸಲ್ಲಿ ಕಲಿಸೋದು ಬೂಕ್‌ಮೋಲ್ ಅನ್ನುವ ಪುಸ್ತಕದ ನಾರ್ವೇಜಿಯನ್, ಅದು ಬೇಕು. ಆದರೆ ಬೆಸ್ತೆಮೂರ್‌ನ ಮಾತನ್ನು ಅದರಿಂದ ಉಜ್ಜಿ ತೊಳೆಯಬೇಡ. ನಮ್ಮ ಕುಂದಾಪುರದವರ, ಧಾರವಾಡದವರ ಮಾತನ್ನು ಯಾರಾದರೂ ತಿದ್ದಲು ಹೋದರೆ ನಿನಗೆ ಎಷ್ಟು ಸಿಟ್ಟು ಬರುತ್ತೆ! ನಾರ್ವೆಯವರು ಈ ವಿಷಯದಲ್ಲಿ ನಮಗಿಂತ ಧೈರ್ಯವಂತರು. ಇವಾರ್ ಓಸೆನ್ 1842ರಿಂದ ಊರೂರು ಸುತ್ತಿ ಹಳ್ಳಿಗರ ಮಾತನ್ನು ಕೂಡಿಹಾಕಿ ಇನ್ನೊಂದು ಬರಹದ ಭಾಷೆಯನ್ನೇ ಕಟ್ಟಿದ್ದಾನಲ್ಲ. ನಾನು ಅನ್ನಲು ಅವರ ಹಾಗೇ ಎಗ್ ಅನ್ನು, ಇಲ್ಲ ಅನ್ನಲು ಇಕ್ಕ್ಯೆ ಅನ್ನು, ನಾಚಬೇಡ. ಫೆನ್ಸ್, ಕ್ರಿಕ್, ಟ್ರಕ್ಕ್ ಅಂತ ನಮ್ಮ ಅಜ್ಜಿಯರು ಇಲ್ಲಿ ಸೇರಿಸಿಕೊಂಡ ಪದಗಳನ್ನು ಅಲ್ಲಿ ಹೇಳಿದರೆ ನಗಬಹುದು. ನಗಲಿ. ಬೇಲಿ ಹಾಕಿದವರು, ಹಳ್ಳ ದಾಟಿದವರು ಕಟ್ಟಿದ ಪದ ಅವು. ಮತ್ತೆ ಅಂಗಡಿಯಲ್ಲಿ ಉಫ್ ಡಾ, ಅಂದರೆ ಅಯ್ಯೋ, ಅಂತ ಬರೆದ ಕಾಫಿ ಕಪ್ ಕೊಂಡು ಭಾಷೆ ಉಳಿಯಿತು ಅಂದುಕೊಳ್ಳುವವರ ಜೊತೆ ಸೇರಬೇಡ. ನಮ್ಮಲ್ಲೂ ನವೆಂಬರ್‌ನಲ್ಲಿ ಶಾಲು ಹಾಕಿಕೊಂಡು ಮಗುವಿನ ಹತ್ತಿರ ಇಂಗ್ಲಿಷ್ ಮಾತಾಡುವವರಿದ್ದಾರೆ. ನೋಡು, ಭಾಷಣ ಆಗಿಬಿಟ್ಟಿತು.

ಒಂದು ಕೆಲಸ ಮಾಡು. ಓಸ್ಲೋ ವಿಶ್ವವಿದ್ಯಾಲಯದ ಯಾನ್ನೆ ಬೊಂಡಿ ಯೊಹಾನ್ನೆಸೆನ್ ಮತ್ತು ಅವರ ಜೊತೆಯವರು 2010ರಿಂದ ನಮ್ಮ ಈ ಕಡೆಯ ಊರುಗಳಿಗೆಲ್ಲ ಬಂದು ಮುದುಕರ ಮಾತು ರೆಕಾರ್ಡ್ ಮಾಡಿದ್ದಾರೆ ಅಂತ ಹೇಳಿದ್ದೆಯಲ್ಲ. 2010ರಲ್ಲಿ ಬೆಸ್ತೆಮೂರ್ ಚೆನ್ನಾಗಿದ್ದರು. ಕರೆದಿದ್ದರೆ ಇಡೀ ದಿನ ಮಾತಾಡುತ್ತಿದ್ದರು. ನಮಗೆ ಗೊತ್ತೇ ಇರಲಿಲ್ಲ. ಆ ರೆಕಾರ್ಡ್‌ಗಳಲ್ಲಿ ಸೋಗ್ನ್ ಕಡೆಯ ಒಬ್ಬಳು ಅಜ್ಜಿ ಇದ್ದರೆ ಹುಡುಕಿ ನನಗೆ ಕೇಳಿಸು.

ರಜೆ ಸಿಕ್ಕಾಗ ಔರ್ಲಾಂಡಿಗೆ ಹೋಗು. ಬರ್ಗನ್ ರೈಲಿನಲ್ಲಿ ಮಿರ್ಡಾಲ್ ತನಕ, ಅಲ್ಲಿಂದ ಇಳಿಯುವ ಸಣ್ಣ ರೈಲಿನಲ್ಲಿ ಫ್ಲೋಮ್. ನಕ್ಷೆಯಲ್ಲಿ ನೋಡಿದ್ದೇನೆ, ಅಲ್ಲಿಂದ ಹತ್ತಿರವೇ. ಟಿಕೆಟ್ ದುಡ್ಡು ನಾನು ಕಳಿಸುತ್ತೇನೆ. 1825ರಲ್ಲಿ ಸ್ಟಾವಂಗರ್‌ನಿಂದ ಅಮೆರಿಕಕ್ಕೆ ಹೊರಟ ವಲಸಿಗರ ಮೊದಲ ಹಡಗಿನಲ್ಲಿ 52 ಜನ ಹತ್ತಿ ನ್ಯೂಯಾರ್ಕಿನಲ್ಲಿ 53 ಜನ ಇಳಿದರು, ದಾರಿಯಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತ್ತು ಅಂತ ನೀನು ಚಿಕ್ಕವಳಿದ್ದಾಗ ಬೆಸ್ತೆಮೂರ್ ಹೇಳುತ್ತಿದ್ದರು. ಆ ಕೂಸಿಗೆ ಅವರು ಯಾವ ಪದ ಬಳಸಿದರು ಅಂತ ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಕಥೆ ಇಂಗ್ಲಿಷಲ್ಲೇ ಹೇಳುತ್ತಿದ್ದರು. ಆದರೂ ಆ ಒಂದು ಪದ ಬೇರೆ ಇತ್ತಾ? ನಿನಗೇನಾದರೂ ನೆನಪಿದೆಯಾ?

ಔರ್ಲಾಂಡಿನಲ್ಲಿ ಯಾರಾದರೂ ವಯಸ್ಸಾದ ಹೆಂಗಸು ಸಿಕ್ಕರೆ ನೋಟ್‌ಬುಕ್ ತೋರಿಸಿ ಪ್ರಯೋಜನವಿಲ್ಲ, ಅದು ಕನ್ನಡದಲ್ಲಿದೆ. ನೀನೇ ಓದು. ನಾನು ಬರೆದ ಹಾಗೇ ಓದು, ತಿದ್ದಬೇಡ. ಅವರಿಗೆ ತಿಳಿಯಿತಾ ನೋಡು. ಆಮೇಲೆ ಅವರ ಬಾಯಲ್ಲೇ ಅದನ್ನು ಹೇಳಿಸಿ ಫೋನಿನಲ್ಲಿ ಹಿಡಿದು ಕಳಿಸು. ನನ್ನ ಫೋನಿಗೆ. ಆ ಮೊದಲ ಪದ ಈಗಲೂ ನನ್ನ ಕಿವಿಗೆ ಕೂರೇ ಅಂತಲೇ ಕೇಳಿಸುತ್ತಾ ನೋಡಬೇಕು.

ಅಮ್ಮ

ತೀರ್ಥಹಳ್ಳಿ ಅಜ್ಜಿಗೆ ನಾನೇ ಹೇಳಿದ್ದೇನೆ, ನೀನು ನಿನ್ನ ಇನ್ನೊಬ್ಬ ಅಜ್ಜಿಯ ಊರಿಗೆ ಹೋಗಿದ್ದೀಯ ಅಂತ. ಹೋಗಲಿ ಬಿಡು, ಅವರೂ ಕಾಯ್ತಿರ್ತಾರೆ ಅಂದರು. ಭಾನುವಾರ ಅವರಿಗೆ ಫೋನ್ ಮಾಡು.