ಲೋನ್ ಮೇಲೆ ಹೋಗು ಪುಟ್ಟ

ಕೋಡಿಬಾಗ, ಕಾರವಾರ

ಪ್ರೀತಿಯ ಪುಟ್ಟನಿಗೆ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ. ಮೊನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿದ್ದಳು. ನಿನ್ನ ಫುಟ್‌ಬಾಲ್ ಕ್ಲಬ್‌ನವರು ನಿನ್ನನ್ನು ಒಂದು ಸೀಸನ್‌ಗೆ ಕೆಳಗಿನ ಲೀಗ್‌ನ ಟೀಮಿಗೆ ಲೋನ್ ಮೇಲೆ, ಅಂದರೆ ಎರವಲು ಕೊಟ್ಟ ಹಾಗೆ, ಕಳಿಸುತ್ತೇವೆ ಅಂದಿದ್ದಾರಂತೆ. ನೀನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. ಫೋನಿನಲ್ಲಿ ಮಾತಾಡಿದರೆ ನೀನು ಮನಸ್ಸು ಬಿಚ್ಚುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹೋಗು ಪುಟ್ಟ. ನಾನು ಹೇಳುವುದು ಇಷ್ಟೇ. ಯಾಕೆ ಅಂತ ಕೇಳು.

ಹೋದ ತಿಂಗಳು ಕಂಠೀರವ ಸ್ಟೇಡಿಯಂಗೆ ನಿನ್ನ ಮ್ಯಾಚ್ ನೋಡಲು ಬಂದಿದ್ದೆನಲ್ಲ. ನಿನ್ನನ್ನು ಇಳಿಸಿದ್ದು 78ನೇ ನಿಮಿಷಕ್ಕೆ. ಇಳಿದವನೇ ಚೆಂಡು ಎಲ್ಲಿದೆಯೋ ಅಲ್ಲಿಗೆ ಓಡಿದೆ. ಬಲಗಡೆ ಲೈನಿಗೆ ಹೋದೆ, ಮಿಡ್‌ಫೀಲ್ಡ್‌ಗೆ ಬಂದೆ, ಕೊನೆಗೆ ನಿಮ್ಮದೇ ಡಿಫೆಂಡರ್‌ಗಳ ಹತ್ತಿರವೂ ಬಂದೆ. ಕೋಚ್ ಕಣ್ಣಿಗೆ ಬೀಳಬೇಕು ಅನ್ನುವ ಆಸೆ ನನಗೆ ಗ್ಯಾಲರಿಯಿಂದಲೇ ಕಾಣುತ್ತಿತ್ತು. 86ನೇ ನಿಮಿಷಕ್ಕೆ ಎಡಗಡೆಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಬಂತು, ನೆನಪಿದೆಯಾ? ಚೆಂಡು ಹತ್ತಿರದ ಪೋಸ್ಟ್ ಮುಂದೆ ಹಾದು ಹೋಯಿತು. ನೀನು ಪೆನಾಲ್ಟಿ ಸ್ಪಾಟ್ ಹತ್ತಿರ, ಗೋಲಿಗೆ 11 ಮೀಟರ್ ದೂರದಲ್ಲಿ, ಎದುರಾಳಿಗಳ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್‌ನ ಕಣ್ಣೆದುರಿಗೇ ನಿಂತಿದ್ದೆ. ಅವನಿಗೆ ಚೆಂಡೂ ಕಾಣುತ್ತಿತ್ತು, ನೀನೂ ಕಾಣುತ್ತಿದ್ದೆ. ಎರಡು ಹೆಜ್ಜೆ ಅವನ ಬೆನ್ನ ಹಿಂದೆ ಸರಿದಿದ್ದರೆ, ನಿನ್ನನ್ನು ನೋಡಲು ಅವನು ಚೆಂಡಿನಿಂದ ಕಣ್ಣು ತೆಗೆಯಬೇಕಿತ್ತು. ಅಷ್ಟರಲ್ಲಿ ನೀನು ಅವನ ಮುಂದೆ ನುಗ್ಗಿ ಕಾಲು ಚಾಚಿದ್ದರೆ ಸಾಕಿತ್ತು.

ಇದು ನಿನಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಟ್ಯಾಗೋರ್ ಬೀಚಿನಲ್ಲಿ ನೀರು ಇಳಿದ ಹೊತ್ತಿಗೆ, ಒದ್ದೆ ಮರಳಿನ ಮೇಲೆ, ನಿನಗಿಂತ ದೊಡ್ಡ ಹುಡುಗರ ಬೆನ್ನ ಹಿಂದಿನಿಂದ ಬಂದು ಗೋಲು ಹೊಡೆಯುತ್ತಿದ್ದೆ. ನಮ್ಮ ರಂಪಣಿ ಬಲೆಯ ಮೀನುಗಾರರನ್ನು ನೋಡುತ್ತಲೇ ಬೆಳೆದವನು ನೀನು. ಅವರು ದಡದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಾ ಕಾಯುತ್ತಾರೆ. ಬಂಗಡೆ ಹಿಂಡು ಬಂತು ಅಂತ ಖಾತ್ರಿಯಾದ ಮೇಲೇ ದೋಣಿ ಇಳಿಸಿ ಬಲೆ ಸುತ್ತು ಹಾಕುವುದು. ಗೋಲು ಹೊಡೆಯಬೇಕಾದ ನಿನ್ನಂಥ ಸ್ಟ್ರೈಕರ್‌ಗೂ ಆ ಕಾಯುವ ಗುಣ ಬೇಕು. ಆದರೆ ಬರೀ ಹನ್ನೆರಡು ನಿಮಿಷಕ್ಕೆ ಇಳಿಯುವ ಹುಡುಗನಿಗೆ ಕಾಯುವ ಧೈರ್ಯ ಎಲ್ಲಿಂದ ಬರಬೇಕು? 90 ನಿಮಿಷ ಸಿಗುತ್ತದೆ ಅಂತ ಗೊತ್ತಿದ್ದವನು ಮಾತ್ರ ಸುಮ್ನೆ ನಿಂತು ಕಾಯಬಲ್ಲ. ಒಂದು ಚಾನ್ಸ್ ತಪ್ಪಿದರೂ ಇನ್ನೊಂದು ಬರುತ್ತದೆ ಅಂತ ನಂಬಬಲ್ಲ. ಅದನ್ನು ಪ್ರಾಕ್ಟೀಸಿನಲ್ಲಿ ಯಾರೂ ಕಲಿಸಲಾರರು. ವಾರ ವಾರ ಮ್ಯಾಚ್ ಆಡಿಯೇ ಬರಬೇಕು.

ನಾನು ಇದನ್ನು ತಡವಾಗಿ ತಿಳಿದವನು. ಇಪ್ಪತ್ತೊಂದರ ವಯಸ್ಸಿಗೆ ಗೋವಾದ ಒಂದು ದೊಡ್ಡ ಕ್ಲಬ್ ಸೇರಿದ್ದೆ. ಆಗಿನ್ನೂ ಕೊಂಕಣ ರೈಲು ಬಂದಿರಲಿಲ್ಲ. ಬಸ್ಸಿನಲ್ಲಿ ಕಾಳಿ ಸೇತುವೆ ದಾಟಿ ಹೋಗುವಾಗ ಎದೆ ಉಬ್ಬುತ್ತಿತ್ತು. 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತಲ್ಲ, ಅದೇ ಹಳೇ ಸೇತುವೆ. ಮೊದಲ ವರ್ಷ ಬೆಂಚಿನಲ್ಲೇ ಕೂತೆ. ಒಂದು ಸಣ್ಣ ಟೀಮಿನವರು ಬಂದು, ಪ್ರತಿ ಮ್ಯಾಚ್ ಆಡಿಸುತ್ತೇವೆ ಬಾ ಅಂದರು. ಊರಿನವರು ಏನಂದಾರು ಅಂತ ಹೋಗಲಿಲ್ಲ. ದೊಡ್ಡ ಕ್ಲಬ್ಬಿನ ಜರ್ಸಿ ಹಾಕಿಕೊಂಡು ಊರಿಗೆ ಬರುವುದೇ ಜಾಸ್ತಿ ಅನ್ನಿಸಿತ್ತು. ಎರಡನೇ ವರ್ಷವೂ ಬೆಂಚು. ಕೊನೆಯ ಮೂರು ತಿಂಗಳ ಸಂಬಳ ಕೊಡಲಿಲ್ಲ. ಕೇಳೋಣ ಅಂದರೆ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ, ಎಲ್ಲ ಬಾಯಿಮಾತು. ವಾಪಸ್ ಬರುವಾಗ ಅದೇ ಸೇತುವೆ ಮೇಲೆ ಕಣ್ಣೀರು ಬಂತು. ನಿನ್ನ ಅಮ್ಮನಿಗೂ ಇದನ್ನು ಹೇಳಿಲ್ಲ.

ಸುನಿಲ್ ಛೆಟ್ರಿಯನ್ನು ನೋಡು. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ ಹೋದರು. ಅಲ್ಲಿ ಸಿಕ್ಕಿದ್ದು ಬಿ ಟೀಮು, ಅದರಲ್ಲೂ ಕೆಲವೇ ಮ್ಯಾಚು. ಆಗಲೇ ಅವರು ಭಾರತ ತಂಡದ ನಾಯಕ. ಆದರೂ 2013ರಲ್ಲಿ ಲೋನ್ ಮೇಲೆ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದು ಆಡಿದರು. ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಅನ್ನು ಆ ಸೀಸನ್ನಿನಲ್ಲಿ ಆ ಟೀಮೇ ಗೆದ್ದಿತು. ಅದೇ ವರ್ಷ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು, ಮೊದಲ ಸೀಸನ್ನಿನಲ್ಲೇ ಚಾಂಪಿಯನ್. ದೇಶಕ್ಕಾಗಿ 90ಕ್ಕೂ ಹೆಚ್ಚು ಗೋಲು ಹೊಡೆದವರಿಗೇ ಲೋನ್ ಅವಮಾನ ಅನ್ನಿಸಲಿಲ್ಲ. ನಿನಗೆ ಇನ್ನೂ ಹತ್ತೊಂಬತ್ತು.

ಆದರೆ ಕಣ್ಣು ಮುಚ್ಚಿ ಸಹಿ ಹಾಕಬೇಡ. ನಿನ್ನ ಒಪ್ಪಿಗೆ ಬರವಣಿಗೆಯಲ್ಲಿ ಇಲ್ಲದೆ ಲೋನ್ ಆಗುವುದಿಲ್ಲ. ಒಂದು ಸಲಕ್ಕೆ ಒಂದು ವರ್ಷಕ್ಕಿಂತ ಜಾಸ್ತಿಯೂ ಇರುವಂತಿಲ್ಲ. ಎರಡೂ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. ಸಂಬಳ ಯಾವ ಕ್ಲಬ್ ಕೊಡುತ್ತದೆ, ಎಷ್ಟೆಷ್ಟು, ಯಾವ ತಾರೀಖಿಗೆ ಅಂತ ಬರೆಸಿಕೋ. ಮಂಡಿಗೋ ತೊಡೆಗೋ ಪೆಟ್ಟಾದರೆ ಆಪರೇಷನ್ ಖರ್ಚು ಯಾರದ್ದು, ಅದೂ ಕಾಗದದಲ್ಲಿ ಇರಲಿ. ಎರಡು ತಿಂಗಳ ಸಂಬಳ ಬಾಕಿಯಾದರೆ ನೀನು ಬರವಣಿಗೆಯಲ್ಲಿ ನೋಟಿಸ್ ಕೊಟ್ಟು 15 ದಿನ ಸಮಯ ಕೊಡಬೇಕು. ಆಗಲೂ ಕೊಡದಿದ್ದರೆ ಒಪ್ಪಂದ ಮುರಿದು ಹೊರಬರುವ ಹಕ್ಕು ನಿನಗಿದೆ. ನನ್ನ ಕಾಲದಲ್ಲಿ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. 2025ರ ಜುಲೈಯಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮುಂದಿನ ಸೀಸನ್ನನ್ನೇ ತಡೆಹಿಡಿದಾಗ ದೊಡ್ಡ ದೊಡ್ಡ ಆಟಗಾರರೇ ಸಂಬಳದ ಚಿಂತೆಯಲ್ಲಿ ಕೂತಿದ್ದನ್ನು ನೀನೇ ನೋಡಿದ್ದೀಯ. ಹಣದ ಮಾತು ಕೇಳಲು ಸಂಕೋಚ ಪಡಬೇಡ. ಅದು ನಿನ್ನ ಬೆವರಿನ ದುಡ್ಡು.

ಇನ್ನೊಂದು ಮಾತು ಅಲ್ಲಿಯ ಕೋಚ್‌ನನ್ನೇ ಕೇಳು. 'ನನ್ನನ್ನು ಗೋಲಿನ ಮುಂದೆ ಬಾಕ್ಸ್ ಒಳಗೆ ಆಡಿಸುತ್ತೀರಾ, ಇಲ್ಲ ಮೈದಾನದ ಅಂಚಿನ ವಿಂಗಿಗೆ ಹಾಕುತ್ತೀರಾ?' ಅಂತ. ವಿಂಗಿಗೆ ಅಂದರೆ ನನಗೆ ಹೇಳು, ಆಗ ಮತ್ತೆ ಯೋಚನೆ ಮಾಡೋಣ.

ಅಪ್ಪನ ಹತ್ತಿರ ಒಮ್ಮೆ ನೀನೇ ಮಾತಾಡು. ಅವರು ಬೇಜಾರಾಗಿಲ್ಲ, ಹೆದರಿದ್ದಾರೆ ಅಷ್ಟೆ.

ಲೋನ್ ಕಾಗದ ಕೈಗೆ ಬಂದ ಕೂಡಲೇ ಎಲ್ಲಾ ಪುಟದ ಫೋಟೋ ತೆಗೆದು ವಾಟ್ಸಾಪ್ ಮಾಡು. ಇಲ್ಲಿ ಕೋರ್ಟ್ ಹತ್ತಿರ ನನ್ನ ಗೆಳೆಯನೊಬ್ಬ ವಕೀಲ ಇದ್ದಾನೆ, ಇಬ್ಬರೂ ಕೂತು ಓದುತ್ತೇವೆ. ಅಲ್ಲಿಯವರೆಗೆ ಸಹಿ ಬೇಡ. ಶುಕ್ರವಾರ ಸಂಜೆ ಪ್ರಾಕ್ಟೀಸ್ ಮುಗಿಸಿ ಫೋನ್ ಮಾಡು, ಮನೆಯಲ್ಲೇ ಇರುತ್ತೇನೆ. ಅದಕ್ಕೆ ಮೊದಲು ಹೊಟ್ಟೆ ತುಂಬಾ ಊಟ ಮಾಡು.

ನಿನ್ನ ಪ್ರೀತಿಯ
ಮಾವ