ಈ ತಿಂಗಳ ಓದು: ತೇಜೋ ತುಂಗಭದ್ರಾ

ಎಲ್ರಿಗೂ ನಮಸ್ಕಾರ, ಈ ಭಾನುವಾರ ಸಂಜೆ 5ಕ್ಕೆ ವಸುಧೇಂದ್ರ ಅವರ ಕಾದಂಬರಿ ತೇಜೋ ತುಂಗಭದ್ರಾ ಬಗ್ಗೆ ಮಾತಾಡೋಣ, ಓದಿ ಮುಗಿಸದೇ ಇರೋರೂ ಬನ್ನಿ ಪರ್ವಾಗಿಲ್ಲ. ಆದ್ರೆ ದಯವಿಟ್ಟು ಕೊನೆ ಏನಾಗತ್ತೆ ಅಂತ ಇಲ್ಲಿ ಹಾಕ್ಬೇಡ್ರಪ್ಪಾ, ಹೋದ್ಸಲದ ವಾಯ್ಸ್ ನೋಟ್ ನೆನಪಿದೆ ತಾನೆ 😄

ನಂಗಂತೂ ಕಥೇಲಿ ಬರೋ ಹಂಪಿಗಿಂತ ಪೋರ್ಚುಗಲ್ಲಿನ ಲಿಸ್ಬನ್ನೇ ಜಾಸ್ತಿ ಹಿಡಿಸ್ತು. ತೇಜೋ ಅಂದ್ರೆ ಆ ಊರಿನ ನದಿ ಅಂತ್ಲೂ ಗೊತ್ತಿರ್ಲಿಲ್ಲ ನೋಡಿ. ಸ್ಕೂಲಲ್ಲಿ 1498, ವಾಸ್ಕೋ ಡ ಗಾಮ, ಕಲ್ಲಿಕೋಟೆ ಅಂತ ಬಾಯಿಪಾಠ ಮಾಡಿದ್ದಷ್ಟೇ, ಅದಕ್ಕೆ ಆರು ವರ್ಷ ಮುಂಚೆ ಸ್ಪೇನ್ ಯಹೂದಿಗಳನ್ನ ಓಡಿಸಿದ್ದು, ಪೋರ್ಚುಗಲ್ಲಿಗೆ ಬಂದೋರಿಗೆ 1497ರಲ್ಲಿ ಬಲವಂತವಾಗಿ ಮತಾಂತರ ಮಾಡಿಸಿದ್ದು ಇದೆಲ್ಲ ಯಾರೂ ಹೇಳ್ಲೇ ಇಲ್ಲ. ಮಗಳ ಅಟ್ಲಾಸ್ ತಗೊಂಡು ಲಿಸ್ಬನ್ನಿಂದ ಆಫ್ರಿಕಾ ಸುತ್ತಿ ಗೋವಾ ತನಕ ಪೆನ್ಸಿಲ್ಲಲ್ಲಿ ಗೆರೆ ಎಳೆದೆ, ಬೈಸ್ಕೊಂಡೆ ಕೂಡ. ಅಷ್ಟು ದೂರ ಬರೀ ಗಾಳಿ ನಂಬ್ಕೊಂಡು, ಮೆಣಸಿಗೋಸ್ಕರ!

ಇತಿಹಾಸ ಎಷ್ಟು, ಕಲ್ಪನೆ ಎಷ್ಟು ಅಂತ ಡೌಟ್ ಬಂದಿರೋ ಪೇಜ್ ನಂಬರ್ ಬರ್ಕೊಂಡು ಬನ್ನಿ. ಅಟ್ಲಾಸ್ ನಾನೇ ತರ್ತೀನಿ, ಕಾಫಿಗೆ ಎಷ್ಟು ಜನ ಅಂತ ಶನಿವಾರದೊಳಗೆ ಹೇಳಿ.